ಹಡಗಿನಿಂದ ಇಳಿದು ಮುಂಬಯಿ ನೋಡಿದವಳು: ಮರಿಯಾ ಗ್ರಹಾಂ

ಮುಂಬಯಿ ಒಂದು ದ್ವೀಪ ಎಂಬುದು ನಮಗೆ ನೆನಪಾಗುವುದು ಮಳೆಗಾಲದಲ್ಲಿ, ಸಾಯನ್ ಮತ್ತು ಕುರ್ಲಾ ನಡುವೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲು ಅಲ್ಲಾಡದೆ ನಿಂತಾಗ. ಒಂದು ಕಾಲಕ್ಕೆ ಅದೇ ಜಾಗದಲ್ಲಿ ಸಮುದ್ರದ ನೀರು ಹರಿದಾಡುತ್ತಿತ್ತು. ಇತ್ತ ಮುಂಬಯಿ ದ್ವೀಪ, ಅತ್ತ ಸಾಷ್ಟಿ ದ್ವೀಪ. ಗವರ್ನರ್ ಡಂಕನ್ ಕಾಲದಲ್ಲಿ ಅಲ್ಲೊಂದು ಒಡ್ಡು ಕಟ್ಟಿ ದಾರಿ ಮಾಡಿದ್ದು 1805ರ ಹೊತ್ತಿಗೆ. ಮಾಹಿಮ್ ಮತ್ತು ಬಾಂದ್ರಾ ನಡುವಿನ ಒಡ್ಡು ತೆರೆದದ್ದು 1845ರಲ್ಲಿ. ಅದೂ ಲೇಡಿ ಅವಾಬಾಯಿ ಜಮ್ಶೆಟ್‌ಜಿ ಜೀಜೀಭಾಯ್ ಎಂಬ ಹೆಣ್ಣುಮಗಳು ಹಣ ಕೊಟ್ಟಿದ್ದರಿಂದ.

ಈ ಎರಡು ಒಡ್ಡುಗಳ ನಡುವಿನ ಕಾಲದಲ್ಲಿ, 1809ರ ಮೇ ತಿಂಗಳ ಕೊನೆಯಲ್ಲಿ, ಕಾರ್ನೇಲಿಯಾ ಎಂಬ ಹಡಗು ಮುಂಬಯಿ ಬಂದರಿಗೆ ಬಂತು. ಅದರಿಂದ ಇಳಿದವರಲ್ಲಿ 23 ವರ್ಷದ ಒಬ್ಬ ಯುವತಿಯಿದ್ದಳು. ಹೆಸರು ಮರಿಯಾ ಡಂಡಾಸ್. ಮುಂದೆ ಮರಿಯಾ ಗ್ರಹಾಂ ಎಂದೂ, ಕೊನೆಗಾಲದಲ್ಲಿ ಲೇಡಿ ಕಾಲ್ಕಾಟ್ ಎಂದೂ ಹೆಸರಾದವಳು. ಭಾರತ, ಬ್ರೆಜಿಲ್, ಚಿಲಿ ದೇಶಗಳ ಬಗ್ಗೆ ಬರೆದ ಆಕೆಯ ದಿನಚರಿಗಳನ್ನು ಇತಿಹಾಸ ಓದುವವರು ಇಂದಿಗೂ ಬಳಸುತ್ತಾರೆ. ಕಣ್ಣಾರೆ ಕಂಡದ್ದನ್ನು ಬರೆದಿಟ್ಟು, ಅದಕ್ಕೆ ಬದ್ಧಳಾಗಿ ನಿಂತ ಹೆಣ್ಣೊಬ್ಬಳನ್ನು ದೊಡ್ಡವರು ನಂಬುತ್ತಾರೆಯೇ? ಆಕೆಯ ಬದುಕು ಕೇಳುವ ಪ್ರಶ್ನೆ ಇದು. ಆ ಬದುಕಿನ ಮೊದಲ ಪಾಠಶಾಲೆ ನಮ್ಮ ಮುಂಬಯಿಯಾಗಿತ್ತು.

ನಾವಿಕನ ಮಗಳು

ಮರಿಯಾ ಹುಟ್ಟಿದ್ದು 1785ರ ಜುಲೈ 19ರಂದು, ಇಂಗ್ಲೆಂಡಿನ ಉತ್ತರದ ಕಾಕರ್‌ಮೌತ್ ಪಟ್ಟಣದ ಬಳಿ. ತಂದೆ ಜಾರ್ಜ್ ಡಂಡಾಸ್ ನೌಕಾಪಡೆಯ ಅಧಿಕಾರಿ. ವರ್ಷದ ಬಹುಪಾಲು ಕಡಲಿನಲ್ಲೇ ಇರುವ ಮನುಷ್ಯ. ಮಗಳು ಬೆಳೆದದ್ದು ವಸತಿ ಶಾಲೆಯಲ್ಲಿ, ನೆಂಟರ ಮನೆಗಳಲ್ಲಿ. ಎಡಿನ್‌ಬರೋದಲ್ಲಿದ್ದಾಗ ಅಲ್ಲಿನ ಪಂಡಿತರ ಮಾತುಕತೆಗಳನ್ನು ಕೇಳಿ, ತಾನೂ ವಾದಕ್ಕಿಳಿಯುತ್ತಿದ್ದಳಂತೆ. ಮಸ್ಲಿನ್ ಬಟ್ಟೆ ತೊಟ್ಟ ತತ್ತ್ವಶಾಸ್ತ್ರ ಎಂಬ ಅರ್ಥದ ಅಡ್ಡಹೆಸರು ಅಲ್ಲಿಯೇ ಅಂಟಿಕೊಂಡಿತು. ಓದಿದ ಹುಡುಗಿಯನ್ನು ಮೆಚ್ಚುತ್ತಲೇ ಗೇಲಿ ಮಾಡುವ ಆ ಧಾಟಿ ನಮಗೇನೂ ಹೊಸದಲ್ಲ. ಎಳೆಯ ವಯಸ್ಸಿನಲ್ಲೇ ಕ್ಷಯದ ಬಾಧೆಯೂ ಇತ್ತು. ಕಡಲಿನ ಗಾಳಿ, ಬಿಸಿಲಿನ ನಾಡು ಒಳ್ಳೆಯದು ಎಂದು ಆಗಿನ ವೈದ್ಯರು ನಂಬಿದ್ದರು.

ತಂದೆಗೆ ಮುಂಬಯಿಯ ಹಡಗುಕಟ್ಟೆಯಲ್ಲಿ ಹುದ್ದೆ ಸಿಕ್ಕಿತು. 1808ರ ಕೊನೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆತ ಹೊರಟ. ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ. ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕು. ಗಾಳಿ ಬೀಸಿದರೆ ಪ್ರಯಾಣ, ಇಲ್ಲದಿದ್ದರೆ ಇದ್ದಲ್ಲೇ ವಾಸ. ಸುಮಾರು ಐದು ತಿಂಗಳ ಈ ಯಾನದಲ್ಲಿ ಎರಡು ಸಂಗತಿಗಳು ಕೂಡಿಬಂದವು. ಹಡಗಿನ ಯುವ ಅಧಿಕಾರಿ ಥಾಮಸ್ ಗ್ರಹಾಂನ ಪರಿಚಯವಾಯಿತು. ಅದೇ ವರ್ಷ ಭಾರತದಲ್ಲೇ ಇಬ್ಬರ ಮದುವೆಯೂ ಆಯಿತು. ಇನ್ನೊಂದು, ದಿನದಿನದ ಸಂಗತಿಯನ್ನು ತಪ್ಪದೆ ಬರೆದಿಡುವ ನಾವಿಕರ ಶಿಸ್ತು. ಸಾಫ್ಟ್‌ವೇರ್ ಕೆಲಸದ ನಮ್ಮಂಥವರು ದಿನಕ್ಕೆ ನೂರು ಸಲ ಹೇಳುವ ಲಾಗ್ ಎಂಬ ಪದ ಹುಟ್ಟಿದ್ದೇ ಹಡಗಿನಲ್ಲಿ. ಹಗ್ಗ ಕಟ್ಟಿದ ಮರದ ತುಂಡೊಂದನ್ನು ನೀರಿಗೆ ಎಸೆದು, ಅದರಿಂದ ವೇಗವನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಮರದ ತುಂಡಿನ ಹೆಸರೇ ಪುಸ್ತಕಕ್ಕೂ ಬಂತು, ಈಗ ಕಂಪ್ಯೂಟರಿಗೂ ಬಂದಿದೆ. ಲಾಗ್ ಬರೆಯುವವನು ತನಗೇನನಿಸಿತು ಎಂಬುದಕ್ಕಿಂತ ಮೊದಲು ಏನಾಯಿತು ಎಂಬುದನ್ನು ಬರೆಯಬೇಕು. ಮರಿಯಾ ಈ ಪಾಠವನ್ನು ಕೊನೆಯವರೆಗೂ ಬಿಡಲಿಲ್ಲ.

ಮಾವಿನ ದ್ವೀಪದಲ್ಲಿ

ಆಗಿನ ಮುಂಬಯಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಗೇಟ್‌ವೇ ಆಫ್ ಇಂಡಿಯಾ ಇಲ್ಲ, ಅದು 1924ರದು. ರೈಲು ಇಲ್ಲ, ಅದು 1853ರದು. ಈಗ ಹೆಸರಿಗಷ್ಟೇ ಉಳಿದಿರುವ ಫೋರ್ಟ್, ಆಗ ಗೋಡೆ, ಕಂದಕ, ಬಾಗಿಲುಗಳಿದ್ದ ನಿಜವಾದ ಕೋಟೆ. ಕೋಟೆಯ ಆಚೆ ಬಯಲು. ಬಯಲಿನ ಆಚೆ ತೆಂಗು, ತಾಳೆ, ಮಾವಿನ ತೋಪುಗಳು. ಅವುಗಳ ನಡುವೆ ಊರುಗಳು.

ಬಂದವರಲ್ಲಿ ಅನೇಕ ಆಂಗ್ಲ ಹೆಂಗಸರು ಈ ದ್ವೀಪವನ್ನು ಪಲ್ಲಕ್ಕಿಯ ಪರದೆಯ ಹಿಂದಿನಿಂದ ನೋಡಿ, ಔತಣಕೂಟಗಳಲ್ಲಿ ಕಾಲ ಕಳೆದು ಮರಳುತ್ತಿದ್ದರು. ಮರಿಯಾಗೆ ಆ ಕೂಟಗಳು ಬಹುಬೇಗ ಬೇಸರ ತಂದವು. ಅತಿಯಾದ ಅಲಂಕಾರ, ಸಣ್ಣ ಊರಿನ ಸಣ್ಣ ಮಾತು ಎಂದು ತನ್ನವರ ಬಗ್ಗೆಯೇ ಮುಲಾಜಿಲ್ಲದೆ ಬರೆದುಕೊಂಡಳು. ಅವಳಿಗೆ ಬೇಕಿದ್ದ ಮಾತು ಸಿಕ್ಕಿದ್ದು ಸರ್ ಜೇಮ್ಸ್ ಮ್ಯಾಕಿಂಟಾಶ್ ಅವರ ಮನೆಯಲ್ಲಿ. ಮುಂಬಯಿಯ ನ್ಯಾಯಾಧೀಶರಾಗಿದ್ದ ಅವರು 1804ರಲ್ಲಿ ಪರೇಲಿನ ಸರ್ಕಾರಿ ಭವನದಲ್ಲಿ ಸಾಹಿತ್ಯ ಸಂಘವೊಂದನ್ನು ಆರಂಭಿಸಿದ್ದರು. ಆ ಭವನದಲ್ಲಿ ಈಗ ಹಾಫ್‌ಕಿನ್ ಸಂಸ್ಥೆಯಿದೆ. ಸಂಘವೇ ಬೆಳೆದು ಇಂದಿನ ಏಷಿಯಾಟಿಕ್ ಸೊಸೈಟಿಯಾಯಿತು. ಹಾರ್ನಿಮನ್ ಸರ್ಕಲ್ ಎದುರಿನ ಬಿಳಿ ಕಂಬಗಳ ಟೌನ್ ಹಾಲ್ ಮೆಟ್ಟಿಲುಗಳ ಮೇಲೆ ಒಮ್ಮೆಯಾದರೂ ಕುಳಿತಿರದ ಮುಂಬಯಿಗರು ಕಡಿಮೆ.

ಓದಿ ತಿಳಿದದ್ದನ್ನು ಕಣ್ಣಿಂದ ನೋಡಲು ಮರಿಯಾ ಹೊರಟಳು. ಮಲಬಾರ್ ಹಿಲ್ ಆಚೆಗಿನ ವಾಲ್ಕೇಶ್ವರದಲ್ಲಿ ಕೊಳದ ಸುತ್ತ ಕಟ್ಟಿದ ಬ್ರಾಹ್ಮಣರ ಊರನ್ನು ಕಂಡಳು. ಅದು ನಮ್ಮ ಬಾಣಗಂಗಾ. ಇಂದು ಅದರ ಬೆನ್ನಿಗೆ ಗಗನಚುಂಬಿ ಕಟ್ಟಡಗಳು ನಿಂತಿವೆ. ಪಾರ್ಸಿಗಳ ನಡೆನುಡಿಯನ್ನು ಗಮನಿಸಿದಳು. ಚೀನಾಕ್ಕೆ ಹೋಗುವ ಹತ್ತಿಯನ್ನು ದೊಡ್ಡ ತಿರುಪುಯಂತ್ರಗಳಲ್ಲಿ ಒತ್ತಿ ಮೂಟೆ ಕಟ್ಟುವ ಕೆಲಸವನ್ನು ನಿಂತು ನೋಡಿದಳು. ಮಜಗಾಂವ್‌ನ ಮಾವಿನ ಕಥೆಯನ್ನಂತೂ ಬಿಡಲಿಲ್ಲ. ಮಜಗಾಂವ್ ಮಾವಿಗೆಲ್ಲ ಮೂಲವಾದ ತಾಯಿಮರಕ್ಕೆ ಹಣ್ಣಿನ ಕಾಲದಲ್ಲಿ ಸಿಪಾಯಿಗಳ ಕಾವಲು ಇರುತ್ತಿತ್ತಂತೆ. ಷಹಜಹಾನನ ಕಾಲದಲ್ಲಿ ಈ ಕರಾವಳಿಯ ಮಾವು ದೆಹಲಿಯ ಅರಮನೆಗೆ ಕೆಡದೆ ಮುಟ್ಟಲೆಂದು ದಾರಿಯುದ್ದಕ್ಕೂ ಓಟಗಾರರನ್ನು ನಿಲ್ಲಿಸಿದ್ದರಂತೆ. ಮೇ ಕೊನೆಯಲ್ಲಿ ಬಂದಿಳಿದವಳಿಗೆ ಹಣ್ಣಿನ ರುಚಿ ನೋಡಲು ಅಡ್ಡಿಯಿರಲಿಲ್ಲ. ಇಂದು ಮಜಗಾಂವ್‌ನಲ್ಲಿ ಹಡಗುಕಟ್ಟೆಯಿದೆ, ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಇದೆ. ಮಾವು ಮಾತ್ರ ದೇವಗಡ, ರತ್ನಾಗಿರಿಗಳಿಂದ ಪೆಟ್ಟಿಗೆಯಲ್ಲಿ ಬರುತ್ತದೆ.

ಗಂಡಸು ಪ್ರವಾಸಿಗರಿಗೆ ಮುಚ್ಚಿದ್ದ ಒಂದು ಬಾಗಿಲು ಆಕೆಗೆ ತೆರೆಯಿತು. ಮುಂಬಯಿಯ ಪ್ರತಿಷ್ಠಿತ ಮುಸ್ಲಿಂ ಮನೆಯೊಂದರ ಜನಾನಕ್ಕೆ ಹೋಗಿ ಅಲ್ಲಿನ ಹೆಂಗಸರೊಂದಿಗೆ ಕುಳಿತಳು. ಅವರ ಉಡುಗೆ, ಒಡವೆ, ಮಕ್ಕಳು ಎಲ್ಲವನ್ನೂ ಬರೆದಳು. ಓದು ಬರಹಕ್ಕೆ ಅಲ್ಲಿ ಅವಕಾಶವಿಲ್ಲದ್ದನ್ನು ಕಂಡು ನೊಂದಳು, ಜೊತೆಗೆ ಅವರ ಮಾತು ನೀರಸವೆಂದು ಗೊಣಗಿದಳು. ಇಲ್ಲಿ ಆಕೆಯ ಮಿತಿಯನ್ನೂ ಹೇಳಬೇಕು. ಆಕೆ ಆಳುವವರ ಮನೆಯ ಹುಡುಗಿ. ಈ ನಾಡಿನ ಜನರ ಬಗ್ಗೆ ಮೇಲಿನಿಂದ ಕೆಳಗೆ ನೋಡಿ ಬರೆದ ಕಟುಮಾತುಗಳು ಪುಸ್ತಕದಲ್ಲಿ ಬೇಕಾದಷ್ಟಿವೆ. ಓದುವಾಗ ನಮಗೆ ಸಿಟ್ಟು ಬರುವುದೂ ಸಹಜ. ಆದರೆ ಕಂಡ ವಿವರವನ್ನು ಆಕೆ ಅಭಿಪ್ರಾಯದಲ್ಲಿ ಮುಳುಗಿಸಲಿಲ್ಲ. ಅಭಿಪ್ರಾಯ ಹಳತಾಯಿತು, ವಿವರ ಉಳಿಯಿತು.

ಘಾರಾಪುರಿಯ ದಡದಲ್ಲಿ

ಮುಂಬಯಿ ಬಂದರಿನ ನಡುವೆ ಇನ್ನೊಂದು ಪುಟ್ಟ ದ್ವೀಪವಿದೆ: ಘಾರಾಪುರಿ. ಪೋರ್ಚುಗೀಸರು ದಡದ ಹತ್ತಿರವಿದ್ದ ದೊಡ್ಡ ಕಲ್ಲಾನೆಯನ್ನು ನೋಡಿ ಅದಕ್ಕೆ ಎಲಿಫೆಂಟಾ ಎಂದರು. ಕನ್ನಡಿಗರಾದ ನಮಗೆ ಈ ದ್ವೀಪದೊಂದಿಗೆ ಒಂದು ಹಳೆಯ ನಂಟು ಇರಬಹುದು. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ ನೂರಾರು ನಾವೆಗಳೊಂದಿಗೆ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ.

ಮರಿಯಾ ದೋಣಿಯಲ್ಲಿ ಬಂದು ಈ ದಡದಲ್ಲಿ ಇಳಿದಾಗ ಕಲ್ಲಾನೆ ಇನ್ನೂ ಅಲ್ಲಿಯೇ ಇತ್ತು, ಊನಗೊಂಡಿದ್ದರೂ ನಿಂತಿತ್ತು. 1814ರಲ್ಲಿ ಅದರ ತಲೆ ಕತ್ತು ಕಳಚಿ ಬಿದ್ದವು. ಆ ತುಂಡುಗಳನ್ನೇ ಜೋಡಿಸಿ ನಿಲ್ಲಿಸಿರುವ ಆನೆಯನ್ನು ನಾವು ಈಗ ಭಾಯ್ಖಳಾದ ರಾಣಿಬಾಗ್‌ನಲ್ಲಿ, ಭಾವು ದಾಜಿ ಲಾಡ್ ಸಂಗ್ರಹಾಲಯದ ಬಳಿ ನೋಡುತ್ತೇವೆ. ಅಂದರೆ ಆ ಆನೆಯನ್ನು ಅದರ ಸ್ವಂತ ನೆಲದಲ್ಲಿ ಕಂಡು ಬರೆದ ಕೊನೆಯ ತಲೆಮಾರಿನವಳು ಮರಿಯಾ.

ದಡದಿಂದ ಏರುದಾರಿ ಹತ್ತಿ ಗುಹೆಗೆ ಹೋದಳು. ಹೊರಗಿನ ಉರಿಬಿಸಿಲಿನಿಂದ ಒಳಗಿನ ಕತ್ತಲೆಗೆ ಕಾಲಿಟ್ಟಾಗ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಂಬಗಳು, ಅವುಗಳ ಹಿಂದೆ ಗೋಡೆಯಿಂದ ಎದ್ದು ಬರುವಂತೆ ಮೂರು ಮುಖದ ಸದಾಶಿವ, ಸುಮಾರು 18 ಅಡಿ ಎತ್ತರ. ಪಕ್ಕದಲ್ಲಿ ಅರ್ಧನಾರೀಶ್ವರ. ಆ ಅರ್ಧನಾರಿಯನ್ನು ಆಗಿನ ಯುರೋಪಿಯನ್ನರು ಗ್ರೀಕ್ ಕಥೆಗಳ ಯುದ್ಧನಾರಿಯೆಂದು ತಿಳಿದದ್ದೂ ಉಂಟು. ಈ ಗುಹೆಯ ಬಗ್ಗೆ ವಿದ್ವಾಂಸ ವಿಲಿಯಂ ಎರ್‌ಸ್ಕಿನ್ ವಿವರವಾದ ಪ್ರಬಂಧವನ್ನು ಮುಂಬಯಿಯ ಸಾಹಿತ್ಯ ಸಂಘದ ಮುಂದೆ ಓದಿದ್ದು 1813ರಲ್ಲಿ. ಮರಿಯಾ ನೋಡಿದ್ದು, ಬರೆದದ್ದು, ಅಚ್ಚು ಹಾಕಿಸಿದ್ದು ಅದಕ್ಕೂ ಮೊದಲು. ಕೆತ್ತನೆಗಳನ್ನು ಆಕೆ ವರ್ಣಿಸಿ ಸುಮ್ಮನಾಗಲಿಲ್ಲ, ಚಿತ್ರವನ್ನೂ ಬರೆದಳು. ಅದೇ ವರ್ಷದ ಚಳಿಗಾಲದಲ್ಲಿ ಘಟ್ಟ ಹತ್ತಿ ಕಾರ್ಲೆ ಗುಹೆ ನೋಡಿ, ಪೇಶ್ವೆಯ ಪುಣೆಗೂ ಹೋಗಿಬಂದಳು.

1810ರಲ್ಲಿ ಸಿಂಹಳ ದ್ವೀಪ, ಆಮೇಲೆ ಮದರಾಸು, ಕಲ್ಕತ್ತ. ಕಲ್ಕತ್ತದಲ್ಲಿ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಅವರ ತೋಟದಲ್ಲಿ ಗಿಡಗಳ ಪಾಠ. ಮಹಾಬಲಿಪುರ ನೋಡುವಾಗ ನೆರವಾದದ್ದು, ಮೈಸೂರು ಸೀಮೆಯ ಸರ್ವೇ ಮಾಡಿ ನಮ್ಮ ಹಳ್ಳಿಗಳ ಕೈಫಿಯತ್ತುಗಳನ್ನು ಕೂಡಿಹಾಕಿಸಿದ ಕರ್ನಲ್ ಮೆಕೆಂಝಿಯ ಸಹಾಯಕ ಪಂಡಿತ ಕಾವಲಿ ಲಕ್ಷ್ಮಯ್ಯ. 1811ರಲ್ಲಿ ಮರಿಯಾ ಇಂಗ್ಲೆಂಡಿಗೆ ಮರಳಿದಳು. 1812ರಲ್ಲಿ ಭಾರತದ ದಿನಚರಿ ಪುಸ್ತಕವಾಗಿ ಬಂತು, ಆಕೆಯದೇ ಚಿತ್ರಗಳೊಂದಿಗೆ. ಲಂಡನ್ನಿನ ಪ್ರತಿಷ್ಠಿತ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯ ವಿಮರ್ಶಕ ಪುಸ್ತಕಕ್ಕಿಂತ ಮೊದಲು ಬರೆದವಳನ್ನು ಅಳೆದ. ಹುಡುಗಿಯರು ಭಾರತಕ್ಕೆ ಹೋಗುವುದು ಗಂಡನನ್ನು ಹುಡುಕಲು, ಈಕೆ ಮಾಹಿತಿ ಹುಡುಕಿ ತಂದಿದ್ದಾಳೆ, ಆದ್ದರಿಂದ ಇದೊಂದು ವಿಚಿತ್ರ ವಸ್ತು ಎಂಬ ಧಾಟಿ ಅವನದು. ಮರಿಯಾ ಎರಡನ್ನೂ ತಂದಿದ್ದಳು ಎಂಬುದು ಬೇರೆ ಮಾತು. ಪುಸ್ತಕ ಮರುವರ್ಷವೇ ಎರಡನೇ ಮುದ್ರಣ ಕಂಡಿತು.

ಕಡಲಿನಲ್ಲಿ ಕಳೆದುಕೊಂಡದ್ದು

1821ರ ಬೇಸಿಗೆಯಲ್ಲಿ ಥಾಮಸ್ ಗ್ರಹಾಂ ಡೋರಿಸ್ ಎಂಬ ಯುದ್ಧನೌಕೆಯ ಕ್ಯಾಪ್ಟನ್ ಆಗಿ ದಕ್ಷಿಣ ಅಮೆರಿಕಕ್ಕೆ ಹೊರಟಾಗ ಮರಿಯಾ ಜೊತೆಗೆ ಹೋದಳು. ಹಡಗಿನಲ್ಲಿದ್ದ ಎಳೆಯ ತರಬೇತಿ ನಾವಿಕರಿಗೆ ಪಾಠ ಹೇಳುವ ಕೆಲಸವನ್ನು ವಹಿಸಿಕೊಂಡಳು. ಹಡಗು ಲಂಗರು ಹಾಕಿದಲ್ಲೆಲ್ಲ ಇಳಿಯುವುದು ರೂಢಿಯಾಗಿತ್ತು. ಟೆನೆರೀಫ್ ದ್ವೀಪದಲ್ಲಿ ಒರೊಟಾವಾದ ಹೆಸರಾಂತ ಪುರಾತನ ಡ್ರ್ಯಾಗನ್ ಮರದ ಚಿತ್ರ ಬರೆದಳು. ಬ್ರೆಜಿಲ್ಲಿನ ರೆಸೀಫೆಯಲ್ಲಿ ಇಳಿದಾಗ ಕಂಡದ್ದು ಗುಲಾಮರ ಮಾರುಕಟ್ಟೆ. ಹಸಿದು ಬಡಕಲಾದ ಮಕ್ಕಳನ್ನು ಬೀದಿಯಲ್ಲಿ ಮಾರಾಟಕ್ಕಿಟ್ಟ ಆ ದೃಶ್ಯದಿಂದ ಮುಖ ತಿರುಗಿಸದೆ, ಅದನ್ನು ಬರೆದಳು. ರಿಯೋ ನಗರದ ಗುಲಾಮರ ಸಂತೆಯ ಚಿತ್ರವನ್ನು ತನ್ನ ಬ್ರೆಜಿಲ್ ಪುಸ್ತಕದಲ್ಲಿ ಸೇರಿಸಿದಳು.

1822ರ ಏಪ್ರಿಲ್‌ನಲ್ಲಿ, ಕೇಪ್ ಹಾರ್ನ್ ಸಮೀಪದ ಹಿಮಗಾಳಿಯಲ್ಲಿ, ಥಾಮಸ್ ಜ್ವರದಿಂದ ಹಡಗಿನಲ್ಲೇ ತೀರಿಕೊಂಡ. ಡೋರಿಸ್ ಚಿಲಿಯ ವಾಲ್ಪರೈಸೋ ಬಂದರು ಮುಟ್ಟಿದ್ದು ಕ್ಯಾಪ್ಟನ್ ಶವದೊಂದಿಗೆ. ಗಂಡನನ್ನು ಅಲ್ಲಿ ಮಣ್ಣು ಮಾಡಿದಾಗ ಮರಿಯಾಗೆ 36 ವರ್ಷ, ಮಕ್ಕಳಿಲ್ಲ, ಊರು ಸಾವಿರಾರು ಮೈಲಿ ದೂರ. ಮನೆಗೆ ಕಳುಹಿಸಿಕೊಡುತ್ತೇವೆಂದು ಸುತ್ತಲಿನವರು ಹೇಳಿದರು. ಆಕೆ ಒಪ್ಪಲಿಲ್ಲ. ಆಂಗ್ಲರ ಬಿಡಾರದಿಂದ ದೂರ, ಚಿಲಿಯವರ ನಡುವೆಯೇ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿದು ಒಂಟಿಯಾಗಿ ಇದ್ದಳು. ಕುಂಬಾರಗಿತ್ತಿಯರು ಮಡಕೆ ಮಾಡುವುದನ್ನು ನೋಡಲು ಹೋದಳು, ಕುದುರೆಯ ಮೇಲೆ ಸಾಂಟಿಯಾಗೊವರೆಗೂ ಹೋಗಿಬಂದಳು.

ನೆಲ ಮೇಲೆದ್ದ ರಾತ್ರಿ

1822ರ ನವೆಂಬರ್ 19ರ ರಾತ್ರಿ ಚಿಲಿಯ ಕರಾವಳಿ ನಡುಗಿತು. ವಾಲ್ಪರೈಸೋ ಬಹುಪಾಲು ನೆಲಕಚ್ಚಿತು. ಮರಿಯಾ ಆಗ ಕಿಂಟೇರೋ ಎಂಬಲ್ಲಿ, ಚಿಲಿಯ ನೌಕಾಪಡೆ ನಡೆಸುತ್ತಿದ್ದ ಲಾರ್ಡ್ ಕಾಕ್ರನ್ ಅವರ ಮನೆಯಲ್ಲಿದ್ದಳು. ಜೊತೆಯಲ್ಲಿ ಕಾಯಿಲೆ ಬಿದ್ದಿದ್ದ ಸಂಬಂಧಿ ಹುಡುಗ. ಅವನನ್ನು ಹೊರಗೆ ಸಾಗಿಸಿ, ಬಯಲಿನಲ್ಲಿ ರಾತ್ರಿಗಳನ್ನು ಕಳೆಯುತ್ತಲೇ ಕಂಪನಗಳ ಹೊತ್ತನ್ನೂ ಬಗೆಯನ್ನೂ ಗುರುತು ಹಾಕಿಕೊಂಡಳು. ಆಮೇಲೆ ಕಡಲ ದಂಡೆಗೆ ಹೋಗಿ ನೋಡಿದರೆ, ಯಾವಾಗಲೂ ನೀರಿನಡಿ ಇರುತ್ತಿದ್ದ ಬಂಡೆಗಳು ಹೊರಬಿದ್ದಿದ್ದವು. ಅವಕ್ಕೆ ಅಂಟಿಕೊಂಡ ಚಿಪ್ಪುಜೀವಿಗಳು ಸತ್ತು ನಾರುತ್ತಿದ್ದವು. ದಂಡೆ ಮೂರು ನಾಲ್ಕು ಅಡಿ ಮೇಲೆದ್ದಿದೆ ಎಂದು ಆಕೆ ಲೆಕ್ಕ ಹಾಕಿದಳು. ಅದಕ್ಕಿಂತ ಮೇಲೆ, ಹಳೆಯ ಚಿಪ್ಪುಗಳ ಸಾಲುಗಳೂ ಕಂಡವು. ಹಾಗಾದರೆ ಈ ನೆಲ ಹಿಂದೆಯೂ ಹಲವು ಸಲ ಎದ್ದಿರಬೇಕು.

1823ರ ಜನವರಿಯಲ್ಲಿ ಚಿಲಿ ಬಿಟ್ಟಳು. ದಾರಿಯಲ್ಲಿ ಹಡಗು ಹುವಾನ್ ಫೆರ್ನಾಂಡೆಸ್ ದ್ವೀಪದಲ್ಲಿ ನಿಂತಿತು. ರಾಬಿನ್ಸನ್ ಕ್ರೂಸೋ ಕಥೆಗೆ ಪ್ರೇರಣೆಯಾದ ಸೆಲ್ಕರ್ಕ್ ಎಂಬ ನಾವಿಕ ನಾಲ್ಕು ವರ್ಷಕ್ಕೂ ಮಿಕ್ಕಿ ಒಂಟಿಯಾಗಿದ್ದ ದ್ವೀಪ ಅದು. ವಿಧವೆ ಮರಿಯಾ ಅಲ್ಲಿಯೂ ಇಳಿದು ಒಬ್ಬಳೇ ಸುತ್ತಾಡಿದಳು. ರಿಯೋದಲ್ಲಿ ಮರಿಯಾ ಕಿತೇರಿಯಾ ಎಂಬ ಹೆಣ್ಣು ಯೋಧೆಯನ್ನು ಭೇಟಿಯಾದಳು. ಗಂಡಿನ ವೇಷದಲ್ಲಿ ಸೈನ್ಯ ಸೇರಿ ಬ್ರೆಜಿಲ್ಲಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಆಕೆಯ ಚಿತ್ರವನ್ನು ಲೋಕಕ್ಕೆ ತಲುಪಿಸಿದ್ದು ಮರಿಯಾಳ ಪುಸ್ತಕವೇ. ಮರುವರ್ಷ ಬ್ರೆಜಿಲ್ ಅರಮನೆಯಲ್ಲಿ ರಾಜಕುಮಾರಿಗೆ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅರಮನೆಯ ಒಳಸಂಚಿನಿಂದ ಕೆಲವೇ ವಾರಗಳಲ್ಲಿ ಹೋಯಿತು.

ಭೂಕಂಪದ ವರದಿ 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಅಲ್ಲಿ ಹೆಣ್ಣೊಬ್ಬಳ ಹೆಸರಿನಲ್ಲಿ ಬಂದ ಮೊದಲ ಬರಹ ಅದೆಂದು ಹೇಳುತ್ತಾರೆ. ಆ ಸಂಘ ಹೆಣ್ಣುಮಕ್ಕಳನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ, ಎಂದರೆ ಇನ್ನೂ 95 ವರ್ಷಗಳ ನಂತರ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತಮ್ಮ ಹೆಸರಾಂತ ಗ್ರಂಥದಲ್ಲಿ ಈ ವರದಿಯನ್ನು ಸಾಕ್ಷಿಯಾಗಿ ಬಳಸಿಕೊಂಡರು. ಪರ್ವತಗಳು ಒಂದೇ ಏಟಿಗೆ ಹುಟ್ಟಿದವಲ್ಲ, ನೆಲ ಸ್ವಲ್ಪ ಸ್ವಲ್ಪವಾಗಿ ಏರುತ್ತ ಬಂದಿದೆ ಎಂಬುದು ಅವರ ವಾದ. ಇದನ್ನು ಒಪ್ಪದ ಸಂಘದ ಅಧ್ಯಕ್ಷ ಜಾರ್ಜ್ ಗ್ರೀನೋ 1834ರಲ್ಲಿ ತುಂಬಿದ ಸಭೆಯಲ್ಲಿ ಸಾಕ್ಷಿಯ ಮೇಲೆಯೇ ಬಿದ್ದರು. ಹೆದರಿದ ಹೆಂಗಸಿನ ಕಣ್ಣು ಎಷ್ಟನ್ನು ಸರಿಯಾಗಿ ನೋಡೀತು ಎಂಬ ಅರ್ಥ ಬರುವಂತೆ ಮಾತಾಡಿದರು.

ಆಗ ಮರಿಯಾ ಹಾಸಿಗೆ ಹಿಡಿದಿದ್ದಳು. 1827ರಲ್ಲಿ ಚಿತ್ರಕಾರ ಅಗಸ್ಟಸ್ ಕಾಲ್ಕಾಟ್ ಅವರನ್ನು ಮದುವೆಯಾಗಿದ್ದಳು. 1831ರಲ್ಲಿ ರಕ್ತನಾಳ ಒಡೆದ ಮೇಲೆ ನಡೆದಾಡುವುದೇ ದುಸ್ತರವಾಗಿತ್ತು. ಗಂಡನೂ ತಮ್ಮನೂ ಸಿಟ್ಟಿಗೆದ್ದು ಗ್ರೀನೋರನ್ನು ದ್ವಂದ್ವಯುದ್ಧಕ್ಕೆ ಕರೆಯಲು ಸಿದ್ಧರಾದರಂತೆ. ಮರಿಯಾ ಇಬ್ಬರನ್ನೂ ಕೂರಿಸಿ, ತನ್ನ ಜಗಳವನ್ನು ತಾನೇ ಆಡಬಲ್ಲೆ ಎಂದಳಂತೆ. ಆಮೇಲೆ ಅಧ್ಯಕ್ಷರ ಒಂದೊಂದು ಆಕ್ಷೇಪಕ್ಕೂ ಸಾವಧಾನವಾಗಿ ಉತ್ತರ ಬರೆದು ಅಚ್ಚು ಹಾಕಿಸಿದಳು. ಆಕೆಯ ಬಲ ಇದ್ದದ್ದು ಒಂದೇ: ಆ ಹೊತ್ತಿನಲ್ಲಿ, ಆ ದಂಡೆಯಲ್ಲಿ, ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದಳು. ಅಧ್ಯಕ್ಷರು ಆ ದಂಡೆಯಲ್ಲಿ ಇರಲಿಲ್ಲ. ಮೀಟಿಂಗಿನಲ್ಲಿ ಹೆಣ್ಣುಮಗಳೊಬ್ಬಳು ತಾನು ಕಂಡ ದೋಷವನ್ನು ಹೇಳಿದಾಗ, ನೀವು ಸರಿಯಾಗಿ ನೋಡಿದ್ದೀರಾ ಎಂಬ ಪ್ರಶ್ನೆ ಇಂದಿಗೂ ಮೊದಲು ಬರುತ್ತದೆ. ಆಗ ಕೆಲಸಕ್ಕೆ ಬರುವುದು ಏರಿದ ದನಿಯಲ್ಲ, ಹೊತ್ತು ಗೊತ್ತು ಸಮೇತ ಬರೆದಿಟ್ಟ ಟಿಪ್ಪಣಿ.

ತೀರ್ಪಿಗೆ ಹೆಚ್ಚು ಕಾಯಬೇಕಾಗಲಿಲ್ಲ. 1835ರ ಫೆಬ್ರವರಿ 20ರಂದು ಚಿಲಿಯ ಕನ್ಸೆಪ್ಸಿಯಾನ್‌ನಲ್ಲಿ ಮತ್ತೆ ಭೂಕಂಪವಾಯಿತು. ಬೀಗಲ್ ಹಡಗಿನಲ್ಲಿ ಬಂದಿದ್ದ ಚಾರ್ಲ್ಸ್ ಡಾರ್ವಿನ್ ಮತ್ತು ಕ್ಯಾಪ್ಟನ್ ಫಿಟ್ಜ್‌ರಾಯ್ ಕರಾವಳಿಗೆ ಇಳಿದು ನೋಡಿದರು. ಸಾಂತಾ ಮರಿಯಾ ದ್ವೀಪದಲ್ಲಿ ಅಳತೆ ಮಾಡಿದಾಗ ನೆಲ ಎಂಟು ಅಡಿಗೂ ಹೆಚ್ಚು ಮೇಲೆದ್ದಿತ್ತು. ಅಲ್ಲಿಯೂ ನೀರಿನಿಂದ ಹೊರಬಿದ್ದ ಬಂಡೆಗಳು, ಅವಕ್ಕೆ ಅಂಟಿ ಕೊಳೆಯುತ್ತಿದ್ದ ಚಿಪ್ಪುಜೀವಿಗಳು! ಹದಿಮೂರು ವರ್ಷ ಹಿಂದೆ ಹೆಂಗಸೊಬ್ಬಳು ಬರೆದಿಟ್ಟಿದ್ದ ಬಗೆಯ ದೃಶ್ಯವೇ ಕಣ್ಣೆದುರಿಗಿತ್ತು.

ಅದೇ ವರ್ಷ ಮರಿಯಾ ಮಕ್ಕಳಿಗಾಗಿ ಇಂಗ್ಲೆಂಡಿನ ಇತಿಹಾಸವನ್ನು ಲಿಟ್ಲ್ ಆರ್ಥರ್ ಎಂಬ ಹುಡುಗನಿಗೆ ಹೇಳುವಂತೆ ಬರೆದಳು. ಹಾಸಿಗೆಯಲ್ಲಿ ಹುಟ್ಟಿದ ಆ ಪುಟ್ಟ ಪುಸ್ತಕ ಮುಂದಿನ ಶತಮಾನದವರೆಗೂ ಮರುಮುದ್ರಣವಾಗುತ್ತಲೇ ಇತ್ತು. ಕಡಲು ದಾಟಿದವಳಿಗೆ ಈಗ ಉಳಿದಿದ್ದದ್ದು ಒಂದು ಕೋಣೆ. ಬೈಬಲ್ಲಿನಲ್ಲಿ ಬರುವ ಗಿಡಮರಗಳ ಬಗ್ಗೆ ಕೊನೆಯ ಪುಸ್ತಕವನ್ನು ಮುಗಿಸಿದ ವರ್ಷವೇ, 1842ರ ನವೆಂಬರಿನಲ್ಲಿ, 57ನೇ ವಯಸ್ಸಿಗೆ ತೀರಿಕೊಂಡಳು. ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿ ಆಕೆಯ ಸಮಾಧಿಯಿದೆ. 2008ರಲ್ಲಿ ಅದನ್ನು ಸರಿಪಡಿಸಲು ನೆರವಾಗಿ, ನಮ್ಮ ನಾಡಿನ ಗೆಳತಿ ಎಂಬ ಭಾವದ ಫಲಕ ಹಾಕಿಸಿದ್ದು ಚಿಲಿ ಸರ್ಕಾರ.

ಮಳೆ ಮುಗಿದು ಕಡಲು ಶಾಂತವಾದ ಮೇಲೆ ನಮ್ಮ ಬಳಗದವರು ಒಂದು ದಿನ ಘಾರಾಪುರಿಗೆ ಹೋಗಿಬರಬಹುದು. ಗೇಟ್‌ವೇಯಿಂದ ಲಾಂಚ್‌ನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸೋಮವಾರ ಗುಹೆಗಳಿಗೆ ರಜೆ, ಅದನ್ನು ಮರೆಯಬಾರದು. ಮಕ್ಕಳನ್ನೂ ಕರೆದುಕೊಂಡು ಹೋಗಿ, ಸದಾಶಿವನ ಮುಂದೆ ಫೋಟೋ ತೆಗೆದಾದ ಮೇಲೆ ಹತ್ತು ನಿಮಿಷ ಮೊಬೈಲನ್ನು ಚೀಲದಲ್ಲಿಡೋಣ. ಎಷ್ಟು ಕಂಬ, ಯಾವುದು ಒಡೆದಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳೋಣ, ಕನ್ನಡದಲ್ಲೇ. ಮನೆಯ ಹೆಣ್ಣುಮಕ್ಕಳಿಗೆ ಕೆಳಗೆ ದಿನಾಂಕ ಹಾಕುವುದನ್ನೂ ಕಲಿಸೋಣ.